ಮೊದಲು ಸೊಂಟ

ಬೈತಖೋಲಿನಲ್ಲಿ ಮೂವತ್ತೆಂಟು ವರ್ಷ
ದೋಣಿಗೆ ಪಕ್ಕೆಲುಬು ಕೂರಿಸಿದ ಕೈ ಇದು.
ಫೈಬರ್ ಬಂದ ಮೇಲೆ ಬಾಗಿಲ ಚೌಕಟ್ಟು,
ದೇವರ ಮಣೆ, ಮೀನು ಕೊಯ್ಯುವ ಹಲಗೆ.
ಕುರ್ಚಿ ಬೇಕು ಅಂದರು.
ಕುರ್ಚಿಯೇನು ಮಹಾ, ಅಂದೆ.

ಸುಲಕ್ಷಾ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು.
ಪ್ರಣಾಲಿ. ಆರು ವರ್ಷ.
ಕಾಲು ಕತ್ತರಿಯಂತೆ ಒಂದರ ಮೇಲೊಂದು,
ಎಡಗೈ ಮುಷ್ಟಿ ಬಿಚ್ಚದು,
ತಲೆ ಹಿಂದಕ್ಕೆ ವಾಲಿ ನೋಟವೆಲ್ಲ ನನ್ನ ತಗಡಿನ ಮಾಡಿನಲ್ಲಿ.
"ಇವಳು ಕಂಡಿದ್ದೆಲ್ಲ ಮಾಡೇ ಮೇಸ್ತಾ,
ನಮ್ಮನೆ ಹಂಚು ಎಷ್ಟು ಅಂತ ಇವಳನ್ನೇ ಕೇಳಬೇಕು."

ಸಾಗವಾನಿ ಹಾಕಿದೆ.
ಒರಗಿಕೊಳ್ಳಲಿ ಎಂದು ಬೆನ್ನು ಹಿಂದಕ್ಕಿಳಿಸಿದೆ,
ಬೆನ್ನ ಹಲಗೆಯ ಮೇಲೊಂದು ಇಸ್ವಾಣ ಕೆತ್ತಿದೆ, ರೆಕ್ಕೆ ಸಮೇತ.
ಕೂರಿಸಿದರೆ ಹುಡುಗಿ
ಬುಟ್ಟಿ ವಾಲಿಸಿದಾಗ ತಾರ್ಲೆ ಇಳಿದಂತೆ
ಸರ್ರನೆ ಇಳಿದುಬಿಟ್ಟಳು.

ಕಾಜುಬಾಗದಿಂದ ಐರಿನ್ ಬಾಯಿ ಬಂದರು, ಕೊರಳಲ್ಲಿ ಟೇಪು.
ಇಸ್ವಾಣದ ಕಡೆ ಕಣ್ಣೆತ್ತಲಿಲ್ಲ.
"ತಲೆ ನೋಡಬೇಡಿ. ಮೊದಲು ಸೊಂಟ.
ಸೊಂಟ ಕೂತರೆ ಬೆನ್ನು, ಬೆನ್ನು ಕೂತರೆ ಕತ್ತು."
ನನಗೆ ಹುರುಪು ಬಂತು. ನಮ್ಮಪ್ಪನೂ ಅದನ್ನೇ ಹೇಳುತ್ತಿದ್ದ,
ಅಡಿಮರ ಸೊಟ್ಟಾದರೆ ಚುಕ್ಕಾಣಿಗೆ ಬೈಯಬೇಡ ಅಂತ, ಅಂದೆ.
ಬಾಯಿ ನಗಲಿಲ್ಲ.
"ಇವಳು ದೋಣಿಯಲ್ಲ ಮೇಸ್ತಾ.
ದೋಣಿಗೆ ನೋವಾಗುವುದಿಲ್ಲ."

ಆಮೇಲೆ ಚಾಪೆ ಹಾಸಿ ಕೂತರು.
ಮೊಣಕಾಲ ಕೆಳಗೆ ಒಂದು ಕೈ, ತೊಡೆಯ ಮೇಲೊಂದು.
ಎಳೆಯಲಿಲ್ಲ. ಎಳೆದರೆ ಇನ್ನೂ ಬಿಗಿಯುತ್ತದಂತೆ.
ಕಾದರು.
ನನ್ನ ಬೀಡಿ ಪೂರ್ತಿ ಸುಟ್ಟು ಬೆರಳಿಗೆ ತಾಗಿತು,
ಇನ್ನೂ ಕಾಯುತ್ತಲೇ ಇದ್ದರು.
ಕಾಲು ಬಿಟ್ಟುಕೊಂಡಿತು. ಅದರ ಹಿಂದೆ ಮುಷ್ಟಿ,
ಒಂದೊಂದೇ ಬೆರಳು.
ಒಳಗೆ ಬೆವರಿಗಂಟಿದ ನೂಲಿನೆಳೆ,
ತಾಯಿಯ ಸೀರೆ ಅಂಚಿನದು.

ಅಳತೆ ಬರೆದುಕೊಂಡೆ.
ಸೊಂಟದಿಂದ ಮೊಣಕಾಲ ಹಿಂದಿನ ತನಕ, ಎರಡು ಬೆರಳು ಬಿಟ್ಟು.
ತೊಡೆಗಳ ನಡುವೆ ಬೆಣೆ, ಸ್ಪಂಜು ಸುತ್ತಿ.
ಪಟ್ಟಿ ಎದೆಗಲ್ಲ, ಸೊಂಟಕ್ಕೆ.
ಪಾದಕ್ಕೆ ಹಲಗೆ, ಮುಂದೊಂದು ತಟ್ಟೆಮೇಜು.
ಸೊಂಟ ತೊಂಬತ್ತು, ಮೊಣಕಾಲು ತೊಂಬತ್ತು, ಹಿಮ್ಮಡಿ ತೊಂಬತ್ತು.
ಇಡೀ ದೋಣಿಯಲ್ಲಿ ಮೂಲೆಮಟ್ಟಕ್ಕೆ ಕೆಲಸವಿಲ್ಲ, ಎಲ್ಲ ಬಾಗು.
ಪೆಟ್ಟಿಗೆಯ ತಳದಲ್ಲಿ ತುಕ್ಕು ಹಿಡಿದದ್ದನ್ನು
ಹುಡುಕಿ ತಿಕ್ಕಬೇಕಾಯಿತು.
ಕೊನೆಗೆ ಅಭ್ಯಾಸದಂತೆ ಗೇರೆಣ್ಣೆ ಡಬ್ಬಿ ತೆಗೆದರೆ
ಬಾಯಿ ಕಿರುಚಿದರು: ಮಗುವಿನ ಚರ್ಮ ಸುಡುತ್ತದೆ!
ತೆಂಗಿನೆಣ್ಣೆ ಒರೆಸಿದೆ.

ಮೂರನೆಯದು ಕೂತಿತು.
ಚೆಂದವಿಲ್ಲ. ಕಪಾಟು ಕಳಚಿದ ಹಾಗಿದೆ.
ಅದರೊಳಗೆ ಪ್ರಣಾಲಿಯ ತಲೆ
ತೂಗಿತು, ಬಿತ್ತು, ತೂಗಿತು,
ನಿಂತಿತು ಅಂತ ಹೇಳಲಾರೆ,
ಆದರೆ ಅವಳು ಮಾಡು ಬಿಟ್ಟು ನನ್ನನ್ನು ನೋಡಿದಳು.
ನನ್ನ ಮೀಸೆಯಲ್ಲಿ ಹೊಟ್ಟಿತ್ತು.
ಅದಕ್ಕೇ ನಕ್ಕಿರಬೇಕು.

ತಟ್ಟೆಮೇಜಿನ ಮೇಲೆ ಸುಲಕ್ಷಾ ಗಂಜಿಯ ಲೋಟ ಇಟ್ಟಳು.
ಬಲಗೈ ಎಲ್ಲಿಂದಲೋ ಬೀಸಿ ಬಂತು,
ಲೋಟ ಠಣ್ಣೆಂದು ನೆಲಕ್ಕೆ.
ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು.
ಎತ್ತಿ ಇಟ್ಟಳು. ಠಣ್.
ಮತ್ತೆ ಇಟ್ಟಳು. ಠಣ್.
ಆರು ವರ್ಷದಲ್ಲಿ ಈ ಹುಡುಗಿ
ಏನನ್ನೂ ಬೀಳಿಸಿರಲಿಲ್ಲ.
ಗಂಜಿ ನನ್ನ ಉಳಿಗಳ ಮೇಲೆಲ್ಲ ಹರಿಯಿತು. ಹರಿಯಲಿ.

ದಿನಕ್ಕೆ ಇಪ್ಪತ್ತೇ ನಿಮಿಷ ಮೊದಲು. ಮೀರಿದರೆ ಅಳು.
ನಿದ್ದೆಯಲ್ಲಿ ಕಾಲು ಇನ್ನೂ ಕತ್ತರಿಯಾಗುತ್ತದೆ,
ಸುಲಕ್ಷಾ ಮೀನು ಮಾರಿ ಬಂದು ಬಿಡಿಸುತ್ತಾಳೆ,
ಎಳೆಯದೆ, ಕಾದು.

ಟ್ರಾಲರುಗಳು ದಡ ಸೇರಿದ ಜೂನಿನಲ್ಲಿ ಮತ್ತೆ ಬಂದರು.
ಹುಡುಗಿ ಒಂದಿಂಚು ಬೆಳೆದಿದ್ದಳು.
ಪಾದದ ಹಲಗೆ ಬಿಚ್ಚಿ ಒಂದು ತೂತು ಕೆಳಗಿಳಿಸಿದೆ.
ಕೆಳಗೆ ಇನ್ನೂ ಮೂರಿವೆ, ಅಂದೇ ಕೊರೆದಿಟ್ಟದ್ದು.
ಐರಿನ್ ಬಾಯಿ ಬಗ್ಗಿ ಆ ಖಾಲಿ ತೂತುಗಳಿಗೆ ಬೆರಳಿಟ್ಟು ನೋಡಿ
ಮೊದಲ ಸಲ ನಕ್ಕರು.

ಇಸ್ವಾಣದ ಕುರ್ಚಿ ಇಲ್ಲೇ ಇದೆ.
ಬೆಕ್ಕು ಮಲಗುತ್ತದೆ.
ಅದೂ ಜಾರುತ್ತದೆ.